ಬಿಸಿಲು, ಸೆಕೆ ಮತ್ತು ಲೆನ್ಸಿನ ಅನಂತ: ದೂರದ ಫೋಕಸ್ ಹಿಡಿಯುವ ಕ್ರಮ

2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣದ ಪಥ ಕಾಸರಗೋಡು ಜಿಲ್ಲೆಯ ಮೇಲೆ ಹಾದುಹೋದಾಗ, ಅದನ್ನು ನೋಡಲೆಂದು ಚೆರುವತ್ತೂರಿನ ಕಡೆಗೆ ಹೋದ ಅನೇಕರಲ್ಲಿ ನಾನೂ ಒಬ್ಬನಾಗಿದ್ದೆ. ಎಂಟು ಗಂಟೆ ದಾಟುತ್ತಿದ್ದಂತೆ ಸ್ಪರ್ಶವಾಯಿತು. 400 ಮಿ.ಮೀ. ಲೆನ್ಸಿನ ಮುಂಭಾಗಕ್ಕೆ ಸೌರ ಫಿಲ್ಟರ್ ಕಟ್ಟಿ, ಸೂರ್ಯಬಿಂಬದ ಅಂಚನ್ನು ಕ್ಯಾಮೆರಾದ ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ನೋಡಿ, ಫೋಕಸ್ ಸರಿಮಾಡಿ, ಲೆನ್ಸಿನ ಫೋಕಸ್ ಉಂಗುರ ಅಲುಗದಂತೆ ಅದರ ಮೇಲೆ ಟೇಪು ಸುತ್ತಿಬಿಟ್ಟೆ. ಇನ್ನು ಚಿಂತೆಯಿಲ್ಲವೆಂದು ಒಂದು ಗಂಟೆಗೂ ಹೆಚ್ಚು ಕಾಲ ಆ ಕಡೆಗೆ ತಲೆ ಹಾಕಲಿಲ್ಲ. ಒಂಬತ್ತೂವರೆಗೆ ಐದು ನಿಮಿಷ ಇರುವಾಗ ಕಂಕಣ ಮೂಡಿತು. ಸುಮಾರು ಮೂರು ನಿಮಿಷ ನಿಂತಿತು. ನಾನು ಬಿಡುವಿಲ್ಲದೆ ಚಿತ್ರ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ, ಸ್ಪರ್ಶದ ಹೊತ್ತಿನ ಚಿತ್ರಗಳಲ್ಲಿ ಚಂದ್ರನ ಅಂಚು ಬ್ಲೇಡಿನಿಂದ ಕೊಯ್ದಂತೆ ಇತ್ತು, ಕಂಕಣದ ಚಿತ್ರಗಳಲ್ಲಿ ಅದೇ ಅಂಚು ಕಾಲು ತಾಗಿದ ರಂಗೋಲಿಯ ಗೆರೆಯಂತೆ ಹರಡಿತ್ತು. ಟೇಪು ಸುತ್ತಿದಲ್ಲಿಯೇ ಇತ್ತು, ಉಂಗುರವೂ ಒಂದು ಕೂದಲೆಳೆಯಷ್ಟು ಸರಿದಿರಲಿಲ್ಲ. ಸರಿದದ್ದು ಲೆನ್ಸಿನೊಳಗಿನ ಅನಂತ.

ಅನಂತ ಎಂದರೆ ಇಲ್ಲಿ ಲೆನ್ಸಿನ ಮೇಲೆ ಮಲಗಿಸಿದ ಎಂಟರ ಆಕಾರದಲ್ಲಿ ಕೊರೆದಿರುವ ಗುರುತು. ಬಹುದೂರದಿಂದ ಸಮಾಂತರವಾಗಿ ಬರುವ ಕಿರಣಗಳು ಸರಿಯಾಗಿ ಸಂವೇದಕದ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ, ಮೇಲೆ ಕೂಡುವ ಸ್ಥಾನ ಅದು. ಈ ಸ್ಥಾನ ಲೆನ್ಸಿನ ಉಷ್ಣತೆಯೊಡನೆ ಬದಲಾಗುತ್ತದೆ. ಇದರ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳವರು ಬರೆದವು. ಮನೆಯೊಳಗಿನ ಬೆಚ್ಚನೆಯ ಲೆನ್ಸನ್ನು ಹೊರಗಿನ ಕೊರೆವ ಚಳಿಗೆ ಒಯ್ದರೆ ಏನಾಗುತ್ತದೆ ಎಂಬುದೇ ಅವುಗಳ ಚಿಂತೆ. ನಮ್ಮ ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ಗಾಳಿಯ ಉಷ್ಣತೆಯಲ್ಲಿ ಹತ್ತು ಡಿಗ್ರಿಯ ಅಂತರವಿದ್ದರೆ ಅದೇ ದೊಡ್ಡದು. ಆದರೆ ಮಂಗಳೂರಿನಿಂದ ಏಸಿ ಕಾರಿನಲ್ಲಿ ಬೇಕಲದ ಕಡಲ ತೀರಕ್ಕೆ ಬಂದಿಳಿಯುವ ಲೆನ್ಸು ಮತ್ತು ಮುರಕಲ್ಲಿನ ಪದವಿನ, ಅಂದರೆ ಬೋಳು ಗುಡ್ಡದ ಬಯಲಿನ, ಮೇಲೆ ಬಿಸಿಲಿಗೆ ಮೈಯೊಡ್ಡಿ ನಿಂತ ಕರಿಯ ಲೆನ್ಸು ಅನುಭವಿಸುವ ಏರಿಳಿತ ಗಾಳಿಯದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಹವಾಮಾನ ವರದಿ ನೋಡಿ ನಿಶ್ಚಿಂತರಾಗುವ ಬದಲು, ಲೆನ್ಸು ಕಳೆದ ಎರಡು ಗಂಟೆ ಎಲ್ಲಿತ್ತು ಎಂಬುದನ್ನು ಕೇಳಿಕೊಳ್ಳಬೇಕು. ಈ ಲೇಖನ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಒಳಗೆ ನಡೆಯುವುದೇನು

ಲೆನ್ಸಿನ ಕೊಳವೆ ಸಾಮಾನ್ಯವಾಗಿ ಅಲ್ಯೂಮಿನಿಯಮ್ ಮಿಶ್ರಲೋಹದ್ದಾಗಿರುತ್ತದೆ, ಕೆಲವೊಮ್ಮೆ ಪ್ಲಾಸ್ಟಿಕ್ಕಿನದು. ಒಂದು ಮೀಟರ್ ಉದ್ದದ ಅಲ್ಯೂಮಿನಿಯಮ್ ಸರಳು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹಿತ್ತಾಳೆಯಲ್ಲಿ ಇದು ಸುಮಾರು 19, ಉಕ್ಕಿನಲ್ಲಿ ಸುಮಾರು 12. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿಯಾದರೆ ಸುಮಾರು 65. ನನ್ನ ಲೆನ್ಸಿನ ಕೊಳವೆ ಕಾಲು ಮೀಟರ್ ಉದ್ದವಿದೆ. ಆ ದಿನ ಬಿಸಿಲಿನಲ್ಲಿ ಅದು 15 ಡಿಗ್ರಿ ಬಿಸಿಯಾಗಿತ್ತು ಎಂದಿಟ್ಟುಕೊಂಡರೆ, 250ನ್ನು 23ರಿಂದ ಮತ್ತು 15ರಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಬೇಕು; ಬರುವ ಉತ್ತರ 0.086 ಮಿ.ಮೀ., ಅಂದರೆ 86 ಮೈಕ್ರಾನ್.

ಇದು ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸುವುದಕ್ಕೆ ಒಂದು ಸರಳ ಅಳತೆಗೋಲಿದೆ. ದ್ಯುತಿರಂಧ್ರದ ಸಂಖ್ಯೆಯನ್ನು, ಅಂದರೆ ಲೆನ್ಸು ಬೆಳಕಿಗೆ ಎಷ್ಟು ತೆರೆದಿದೆ ಎಂದು ಹೇಳುವ ಎಫ್ ಅಂಕಿಯನ್ನು, ಸಂವೇದಕದ ಒಂದು ಪಿಕ್ಸೆಲಿನ ಅಗಲದಿಂದ ಗುಣಿಸಿದರೆ, ಎಷ್ಟರ ತನಕ ಫೋಕಸ್ ತಪ್ಪಿದರೆ ಚಿತ್ರದಲ್ಲಿ ಕಾಣಿಸುವುದಿಲ್ಲ ಎಂಬ ಮಿತಿ ಸಿಗುತ್ತದೆ. ಪಿಕ್ಸೆಲ್ 4 ಮೈಕ್ರಾನ್ ಇರುವ ಕ್ಯಾಮೆರಾದಲ್ಲಿ ಎಫ್ 5.6 ಇಟ್ಟರೆ ಈ ಮಿತಿ ಆಚೆಗೆ 22, ಈಚೆಗೆ 22 ಮೈಕ್ರಾನ್. ಅದರೆದುರು 86 ಎಂಬುದು ನಾಲ್ಕು ಪಟ್ಟು ತಪ್ಪು. ಇದೇ ಲೆಕ್ಕವನ್ನು ದೂರದ ಭಾಷೆಯಲ್ಲಿ ಹೇಳುವುದಾದರೆ, 400 ಮಿ.ಮೀ. ಲೆನ್ಸು ಸಂವೇದಕದಿಂದ 86 ಮೈಕ್ರಾನ್ ದೂರ ಸರಿದರೆ ಅದು ಅನಂತವನ್ನು ಬಿಟ್ಟು ಹೆಚ್ಚುಕಡಿಮೆ 1.9 ಕಿಲೋಮೀಟರ್ ದೂರವನ್ನು ನೋಡುತ್ತಿರುತ್ತದೆ. ಎರಡು ಕಿಲೋಮೀಟರ್ ಆಚೆಯ ಗುಡ್ಡದ ಮರಗಳು ಸ್ಪಷ್ಟವಾಗಿ ಬಂದು, ಅದೇ ಗುಡ್ಡದ ಮೇಲೆ ಮೂಡಿದ ಚಂದ್ರ ಮಾತ್ರ ಮಸುಕಾಗುವ ಒಗಟಿಗೆ ಇದೇ ಉತ್ತರ.

ಆದರೆ ಕೊಳವೆಯ ಲೆಕ್ಕ ಅರ್ಧ ಸತ್ಯ ಮಾತ್ರ, ಏಕೆಂದರೆ ಗಾಜೂ ಸುಮ್ಮನಿರುವುದಿಲ್ಲ. ಬಿಸಿಯಾದಾಗ ಮಸೂರ ಹಿಗ್ಗಿ ಅದರ ಬಾಗು ಸ್ವಲ್ಪ ಸಡಿಲವಾಗುತ್ತದೆ, ಜತೆಗೆ ಅದರ ವಕ್ರೀಭವನಾಂಕವೂ, ಅಂದರೆ ಬೆಳಕನ್ನು ಬಾಗಿಸುವ ಶಕ್ತಿಯ ಅಳತೆಯೂ, ಬದಲಾಗುತ್ತದೆ. ಸಾಮಾನ್ಯ ಕ್ರೌನ್ ಗಾಜಿನಲ್ಲಿ ಈ ಎರಡು ಪರಿಣಾಮಗಳು ವಿರುದ್ಧ ದಿಕ್ಕಿನವಾದ್ದರಿಂದ ಬಹುಮಟ್ಟಿಗೆ ಒಂದು ಇನ್ನೊಂದನ್ನು ತೀರಿಸಿಬಿಡುತ್ತದೆ. ಅಂಥ ಲೆನ್ಸುಗಳಲ್ಲಿ ಕೊಳವೆಯದೇ ಮೇಲುಗೈ. ಕೆಲವು ಲೆನ್ಸುಗಳಲ್ಲಿ ಗಾಜಿನ ಬದಲು ಬಳಸುವ ಫ್ಲೋರೈಟ್ ಹರಳಿನ ಸ್ವಭಾವ ಬೇರೆ. ಅದು ಸಾಮಾನ್ಯ ಗಾಜಿಗಿಂತ ಎರಡು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ, ಬಿಸಿಯೇರಿದಂತೆ ಅದರ ವಕ್ರೀಭವನಾಂಕ ಇಳಿಯುತ್ತದೆ, ಎರಡೂ ಸೇರಿ ನಾಭಿದೂರವನ್ನು, ಅಂದರೆ ಮಸೂರದಿಂದ ಕಿರಣಗಳು ಕೂಡುವ ಜಾಗಕ್ಕಿರುವ ದೂರವನ್ನು, ಹೆಚ್ಚಿಸುತ್ತವೆ. ಕ್ಯಾನನ್ ಕಂಪೆನಿ ಕೃತಕವಾಗಿ ಬೆಳೆಸಿದ ಫ್ಲೋರೈಟ್ ಮಸೂರವಿರುವ 300 ಮಿ.ಮೀ. ಲೆನ್ಸನ್ನು 1969ರಲ್ಲಿ ಮಾರುಕಟ್ಟೆಗೆ ತಂದಿತು. ಬಣ್ಣದ ದೋಷ ಕಳೆಯುವುದಕ್ಕೆ ಫ್ಲೋರೈಟಿಗೆ ಸಮನಾದುದು ಕಡಿಮೆ, ಆದರೆ ಬಿಸಿಲಿನೊಡನೆ ಅದರ ಹೊಂದಾಣಿಕೆ ಅಷ್ಟಕ್ಕಷ್ಟೆ. ಆ ಕಂಪೆನಿಯ ದೊಡ್ಡ ಟೆಲಿಫೋಟೊ ಲೆನ್ಸುಗಳಿಗೆ ಬಿಳಿ ಬಣ್ಣ ಬಂದದ್ದು ಬಿಸಿಲಿನ ಕಾವನ್ನು ಹಿಂದಕ್ಕೆ ತಳ್ಳುವುದಕ್ಕಾಗಿಯೇ. ಕ್ರಿಕೆಟ್ ಮೈದಾನದ ಅಂಚಿನಲ್ಲಿ ಸಾಲಾಗಿ ಕಾಣುವ ಬಿಳಿ ಲೆನ್ಸುಗಳು ಶೋಭೆಗಾಗಿ ಎಂದು ನಾನೂ ಬಹಳ ಕಾಲ ತಿಳಿದಿದ್ದೆ.

ಹೀಗೆ ಬಿಸಿಯಾದಾಗ ಅನಂತ ಯಾವ ಕಡೆಗೆ ಸರಿಯುತ್ತದೆ ಎಂಬುದು ಲೆನ್ಸಿನ ರಚನೆಯನ್ನು ಅವಲಂಬಿಸಿದೆ, ಎಲ್ಲ ಲೆನ್ಸುಗಳಿಗೂ ಒಂದೇ ಉತ್ತರವಿಲ್ಲ. ತಯಾರಕರು ಇದನ್ನು ತಿಳಿದೇ ಫೋಕಸ್ ಉಂಗುರವನ್ನು ಅನಂತದ ಗುರುತಿಗಿಂತ ಸ್ವಲ್ಪ ಮುಂದಕ್ಕೂ ತಿರುಗುವಂತೆ ಮಾಡಿರುತ್ತಾರೆ. ಕೊನೆಯ ತನಕ ತಿರುಗಿಸಿ ತಡೆ ಸಿಕ್ಕಿದಲ್ಲಿ ಬಿಟ್ಟರೆ ಅನಂತ ಸಿಕ್ಕಿತು ಎಂದುಕೊಳ್ಳುವವರ ನಕ್ಷತ್ರಗಳು ಸಣ್ಣ ಬಟ್ಟಲುಗಳಾಗುವುದು ಇದರಿಂದಲೇ. ಕೆಲವು ಟೆಲಿಫೋಟೊ ಲೆನ್ಸುಗಳಲ್ಲಿ ಅನಂತದ ಗುರುತಿನ ಪಕ್ಕ ಇಂಗ್ಲಿಷಿನ ಎಲ್ ಅಕ್ಷರದಂತೆ ಮಡಿಚಿದ ಒಂದು ಗೆರೆ ಇರುತ್ತದೆ. ಅದರ ನೇರ ಕಾಲು ಸಾಧಾರಣ ಉಷ್ಣತೆಯಲ್ಲಿ ಅನಂತ ಎಲ್ಲಿರಬೇಕೆಂದು ಸೂಚಿಸುತ್ತದೆ, ಅಡ್ಡ ಕಾಲು ಅದು ಅಲ್ಲಿಂದ ಸರಿಯಬಹುದಾದ ಜಾಗವನ್ನು ತೋರಿಸುತ್ತದೆ.

ಹೊರಡುವ ಮುನ್ನ

ನಿಮ್ಮ ಕೆಲಸಕ್ಕೆ ಈ ಗೊಡವೆ ಬೇಕೇ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. 24 ಮಿ.ಮೀ. ಲೆನ್ಸಿನಲ್ಲಿ ಎಫ್ 8 ಇಟ್ಟು ಬೇಕಲ ಕೋಟೆಯನ್ನು ಹಗಲಿನಲ್ಲಿ ತೆಗೆಯುವವರು ಈ ಲೇಖನವನ್ನು ಇಲ್ಲಿಗೇ ಮುಚ್ಚಬಹುದು. ಅದೇ 24 ಮಿ.ಮೀ. ಲೆನ್ಸನ್ನು ಆಕಾಶಗಂಗೆಗಾಗಿ ಎಫ್ 1.4ಕ್ಕೆ ತೆರೆದರೆ ಮಿತಿ ಆರು ಮೈಕ್ರಾನಿಗೂ ಕೆಳಗೆ ಇಳಿಯುತ್ತದೆ. 60 ಮಿ.ಮೀ. ಉದ್ದದ ಅಲ್ಯೂಮಿನಿಯಮ್ ಕೊಳವೆ ಹತ್ತು ಡಿಗ್ರಿಯ ಬದಲಾವಣೆಗೆ ಸುಮಾರು 14 ಮೈಕ್ರಾನ್ ವ್ಯತ್ಯಾಸವಾಗುವುದರಿಂದ, ಈ ತೊಂದರೆ ಉದ್ದ ಲೆನ್ಸುಗಳಿಗೆ ಮಾತ್ರ ಎಂಬ ನಂಬಿಕೆ ಸರಿಯಲ್ಲ. ಎಫ್ 4ಕ್ಕೆ ಮುಚ್ಚಿದರೆ ಮಿತಿ 16ಕ್ಕೆ ಏರಿ ತಪ್ಪು ಮರೆಯಾಗುತ್ತದೆ, ಆದರೆ ಕತ್ತಲಿನಲ್ಲಿ ಅಷ್ಟು ಬೆಳಕನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸು ಬಾರದು.

ಬೇಕೆಂದಾದರೆ ಮೊದಲನೆಯ ಹೆಜ್ಜೆ ಮನೆಯಲ್ಲಿಯೇ ಆರಂಭವಾಗುತ್ತದೆ. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಲೆನ್ಸನ್ನು ಏಸಿ ಕೋಣೆಯೊಳಗೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಮುಚ್ಚಿ, ಹೊರಗೆ ತಂದು ಚಾವಡಿಯಲ್ಲಿ ಇಡಬೇಕು. ಕಾರಿನಲ್ಲಿ ಹೋಗುವುದಾದರೆ ಏಸಿಯ ಗಾಳಿ ತಾಗುವ ಸೀಟಿನ ಬದಲು ಡಿಕ್ಕಿಯೇ ಅದಕ್ಕೆ ಒಳ್ಳೆಯ ಜಾಗ, ಹಗಲಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯ ಹೊರತು. ಚೀಲ ಏಕೆಂದರೆ, ನಮ್ಮ ತೀರದಲ್ಲಿ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿಯ ಹತ್ತಿರ ಇರುತ್ತದೆ, ಏಸಿ ಕೋಣೆಯಿಂದ ಬಂದ ಲೆನ್ಸು 22ರಲ್ಲಿರುತ್ತದೆ. ಇಬ್ಬನಿ ಬಿಂದುವಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಕೂರುವಂತೆ, ನೀರು ಕೂರುತ್ತದೆ. ಹೊರಗಿನ ಗಾಜನ್ನು ಒರೆಸಬಹುದು. ಒಳಗಿನ ಮಸೂರಗಳ ಮೇಲೆ ಕೂತ ಮಂಜು ತಾನಾಗಿ ಹೋಗುವ ತನಕ ಕಾಯಬೇಕು, ಮತ್ತೆ ಮತ್ತೆ ಹಾಗಾದರೆ ಬೂಷ್ಟು ಹಿಡಿಯುವುದೂ ಖಂಡಿತ. ಮುಚ್ಚಿದ ಚೀಲದಲ್ಲಿ ಲೆನ್ಸು ಒಣಗಾಳಿಯೊಳಗೇ ನಿಧಾನವಾಗಿ ಬೆಚ್ಚಗಾಗುತ್ತದೆ.

ಸ್ಥಳಕ್ಕೆ ಬಂದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಿ ಸುಮ್ಮನೆ ಬಿಡುವುದು ಎರಡನೆಯ ಹೆಜ್ಜೆ. ಸಣ್ಣ ಲೆನ್ಸಿಗೆ ಅರ್ಧ ಗಂಟೆ, ದೊಡ್ಡ ಟೆಲಿಫೋಟೊಗೆ ಒಂದು ಗಂಟೆ ಬೇಕಾಗುತ್ತದೆ. ಲೋಹ ಬೇಗ ಹೊರಗಿನ ಉಷ್ಣತೆಗೆ ಬರುತ್ತದೆ, ದಪ್ಪ ಗಾಜು ತಡವಾಗಿ ಬರುತ್ತದೆ, ಈ ಅಂತರ ಇರುವಷ್ಟು ಹೊತ್ತು ಅನಂತ ಓಡುತ್ತಲೇ ಇರುತ್ತದೆ. ಫೋಕಸ್ ಹಿಡಿದ ಹತ್ತು ನಿಮಿಷಕ್ಕೆ ಮತ್ತೆ ಮಸುಕಾಯಿತೆಂದು ದೂರುವವರು ಹೆಚ್ಚಾಗಿ ಈ ಹೆಜ್ಜೆಯನ್ನು ಹಾರಿಸಿದವರು. ಚಳಿಗಾಲದ ರಾತ್ರಿಗಳಲ್ಲಿ ಇಬ್ಬನಿ ತಡೆಯಲು ಲೆನ್ಸಿಗೆ ಬಿಸಿ ಪಟ್ಟಿ ಸುತ್ತುವ ಅಭ್ಯಾಸ ನಿಮಗಿದ್ದರೆ ಅದನ್ನು ಈಗಲೇ ಚಾಲೂ ಮಾಡಬೇಕು, ಫೋಕಸ್ ಮುಗಿದ ಮೇಲಲ್ಲ. ಆ ಪಟ್ಟಿಯೂ ಲೆನ್ಸನ್ನು ಕೆಲವು ಡಿಗ್ರಿ ಬಿಸಿಮಾಡುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಮೊದಲೇ ಹಾಕಿಟ್ಟರೆ ಅದು ರಾತ್ರಿಯಿಡೀ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಹಿಡಿದು ಉಪಕಾರವನ್ನೇ ಮಾಡುತ್ತದೆ.

ನಕ್ಷತ್ರದ ಮೇಲೆ ಫೋಕಸ್

ಲೆನ್ಸನ್ನು ಮ್ಯಾನುವಲ್ ಫೋಕಸ್ಸಿಗೆ ಹಾಕಿ, ದ್ಯುತಿರಂಧ್ರವನ್ನು ಚಿತ್ರ ತೆಗೆಯುವಷ್ಟೇ ತೆರೆದಿಟ್ಟು, ಜೂಮ್ ಲೆನ್ಸಾದರೆ ಬೇಕಾದ ನಾಭಿದೂರವನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಆಮೇಲೆ ಜೂಮ್ ಮುಟ್ಟಿದರೆ ಹೆಚ್ಚಿನ ಲೆನ್ಸುಗಳಲ್ಲಿ ಫೋಕಸ್ಸೂ ಜತೆಗೇ ಸರಿಯುತ್ತದೆ. ಬಳಿಕ ಒಂದು ನಕ್ಷತ್ರ ಬೇಕು. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಹೆಚ್ಚಿನವರ ಅಂಗಳದಿಂದ ನೋಡಿದರೆ ಅಡಕೆ ಮರಗಳ ತಲೆಯ ಹಿಂದೆ ಇರುತ್ತದೆ, ಅದನ್ನು ನೆಚ್ಚಿ ಪ್ರಯೋಜನವಿಲ್ಲ. ಜನವರಿಯಿಂದ ಮಾರ್ಚ್ ತನಕ ಸಂಜೆಯ ಆಕಾಶದಲ್ಲಿ ಲುಬ್ಧಕವೂ ದಕ್ಷಿಣದಲ್ಲಿ ಅಗಸ್ತ್ಯವೂ ಸಿಗುತ್ತವೆ. ಮೇ ತಿಂಗಳ ರಾತ್ರಿಗಳಿಗೆ ಸ್ವಾತಿ, ಜ್ಯೇಷ್ಠಾ ಆಗಬಹುದು.

ಆ ನಕ್ಷತ್ರವನ್ನು ಚಿತ್ರದ ನಡುವಿಗೆ ತಂದು, ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಉಂಗುರವನ್ನು ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ಚುಕ್ಕೆ ಕಿರಿದಾಗುತ್ತದೆ, ಅತಿ ಕಿರಿದಾಗುತ್ತದೆ, ಮತ್ತೆ ಹಿಗ್ಗಲು ತೊಡಗುತ್ತದೆ. ಹಿಗ್ಗಲು ತೊಡಗಿದ್ದು ಕಾಣುವ ತನಕ ಹೋಗಲೇಬೇಕು, ಇಲ್ಲದಿದ್ದರೆ ಅತಿ ಕಿರಿದು ಎಂಬುದು ಎಲ್ಲಿತ್ತೆಂದು ತಿಳಿಯುವ ಬಗೆ ಬೇರೆಯಿಲ್ಲ. ಹಾಗೆ ದಾಟಿದ ಮೇಲೆ ಧಾರಾಳವಾಗಿ ಹಿಂದಕ್ಕೆ ಬಂದು, ಮೊದಲು ತಿರುಗಿಸಿದ ದಿಕ್ಕಿನಿಂದಲೇ ಮತ್ತೊಮ್ಮೆ ಸಮೀಪಿಸಬೇಕು. ಹಳೆಯ ಲೆನ್ಸಿನ ತಿರುಪು ಎಳೆಗಳಲ್ಲಿ ಸ್ವಲ್ಪ ಸಡಿಲವಿರುವುದರಿಂದ, ಎಡದಿಂದ ಬಂದು ನಿಂತ ಜಾಗ ಮತ್ತು ಬಲದಿಂದ ಬಂದು ನಿಂತ ಜಾಗ ಗುರುತಿನಲ್ಲಿ ಒಂದೇ ಆದರೂ ಗಾಜಿನ ಮಟ್ಟಿಗೆ ಒಂದಲ್ಲ. ಬಹಳ ಪ್ರಕಾಶದ ನಕ್ಷತ್ರ ಪರದೆಯಲ್ಲಿ ಉರಿದು ಹರಡಿಕೊಳ್ಳುವುದರಿಂದ, ಕೊನೆಯ ತೀರ್ಪನ್ನು ಅದರ ಸಮೀಪದ ಮಂದ ನಕ್ಷತ್ರಕ್ಕೆ ಬಿಡುವುದು ಲೇಸು: ಫೋಕಸ್ ಸರಿಯಿದ್ದಾಗ ಮಾತ್ರ ಕಾಣಿಸಿಕೊಂಡು, ತಪ್ಪಿದೊಡನೆ ಮಾಯವಾಗುವ ನಕ್ಷತ್ರದಷ್ಟು ಪ್ರಾಮಾಣಿಕ ಸಾಕ್ಷಿ ಬೇರೆಯಿಲ್ಲ. ಬಣ್ಣವೂ ಸಹಾಯಕ್ಕೆ ಬರುತ್ತದೆ. ಹಲವು ಲೆನ್ಸುಗಳಲ್ಲಿ ಸರಿಯಾದ ಜಾಗದ ಒಂದು ಬದಿಗೆ ನಕ್ಷತ್ರದ ಸುತ್ತ ಹಸಿರು ಛಾಯೆಯೂ ಇನ್ನೊಂದು ಬದಿಗೆ ನೇರಳೆಯೂ ಕಾಣಿಸಿಕೊಳ್ಳುತ್ತವೆ. ಎರಡೂ ಅಳಿಯುವ ಜಾಗ ನಿಮಗೆ ಬೇಕಾದದ್ದು.

ಕಣ್ಣಿನ ತೀರ್ಪಿನಲ್ಲಿ ನಂಬಿಕೆ ಸಾಲದವರಿಗೆ ಮುಖಪರದೆಯ ಉಪಾಯವಿದೆ. ರಷ್ಯಾದ ಹವ್ಯಾಸಿ ಖಗೋಳವೀಕ್ಷಕ ಪಾವೆಲ್ ಬಹ್ತಿನೋವ್ 2005ರಲ್ಲಿ ರೂಪಿಸಿದ, ಮೂರು ದಿಕ್ಕಿನ ಸೀಳುಗಳಿರುವ ಪರದೆಯನ್ನು ಲೆನ್ಸಿನ ಮುಂದೆ ಹಿಡಿದರೆ ನಕ್ಷತ್ರದಿಂದ ಮೂರು ಗೆರೆಗಳು ಹೊರಡುತ್ತವೆ, ನಡುವಿನ ಗೆರೆ ಉಳಿದೆರಡರ ಸರಿಮಧ್ಯಕ್ಕೆ ಬಂದಾಗ ಫೋಕಸ್ ಸರಿಯಾಯಿತೆಂದು ಅರ್ಥ. ಅದನ್ನು ಕೊಂಡುಕೊಳ್ಳುವುದೇ ಒಳ್ಳೆಯದು, ಕೈಯಲ್ಲಿ ಅಷ್ಟು ನೇರವಾಗಿ ಕೊಯ್ಯುವುದು ಕಷ್ಟ. ಕೈಯಲ್ಲಿಯೇ ಮಾಡಬಹುದಾದದ್ದು ಇನ್ನೂ ಹಳೆಯ ಎರಡು ತೂತಿನ ಪರದೆ. ಮದುವೆಯ ಆಮಂತ್ರಣ ಪತ್ರಿಕೆಯ ದಪ್ಪ ರಟ್ಟಿನಲ್ಲಿ ಲೆನ್ಸಿನ ಮುಖದಷ್ಟು ಅಗಲದ ಬಿಲ್ಲೆ ಕೊಯ್ದು, ಅಂಚಿನ ಹತ್ತಿರ ಎದುರುಬದುರಾಗಿ ಎರಡು ತೂತು ಮಾಡಿದರಾಯಿತು. ಫೋಕಸ್ ತಪ್ಪಿದ್ದರೆ ಒಂದು ನಕ್ಷತ್ರ ಎರಡಾಗಿ ಕಾಣುತ್ತದೆ, ಉಂಗುರ ತಿರುಗಿಸುತ್ತ ಬಂದಂತೆ ಎರಡೂ ಹತ್ತಿರ ಬಂದು ಒಂದಾಗುತ್ತವೆ. ವಿಶೇಷವೇನೆಂದರೆ ಅಗಲ ಕೋನದ ಲೆನ್ಸುಗಳಲ್ಲಿ ಈ ಎರಡು ಉಪಾಯಗಳೂ ಅಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಮಂದ ನಕ್ಷತ್ರವೇ ಗತಿ.

ಫೋಕಸ್ ಹಿಡಿದ ಮೇಲೆ ಒಂದು ಚಿತ್ರ ತೆಗೆದು, ನಡುವನ್ನೂ ಮೂಲೆಗಳನ್ನೂ ಹಿಗ್ಗಿಸಿ ನೋಡಿ, ಉಂಗುರಕ್ಕೆ ಟೇಪು ಸುತ್ತಬೇಕು. ವಿದ್ಯುತ್ ಕೆಲಸದವರ ಕರಿ ಟೇಪು ನಮ್ಮ ಸೆಕೆಗೆ ಅಂಟು ಬಿಟ್ಟು ಲೆನ್ಸಿಗೆ ಮೆತ್ತುತ್ತದೆ. ಪೈಂಟಿನವರು ಬಳಸುವ ಕಾಗದದ ಟೇಪು ಸಾಕು. ಉಂಗುರ ಮುಟ್ಟಿದಾಗ ಒಳಗಿನ ಮೋಟಾರು ಮಸೂರವನ್ನು ಸರಿಸುವ ಹೊಸ ಲೆನ್ಸುಗಳಲ್ಲಿ ಟೇಪಿನಿಂದ ಅರ್ಧ ಉಪಯೋಗ ಮಾತ್ರ, ಏಕೆಂದರೆ ಕ್ಯಾಮೆರಾ ಆರಿಸಿದೊಡನೆ ಅಂಥ ಹಲವು ಲೆನ್ಸುಗಳು ತಮ್ಮ ಸ್ಥಾನ ಮರೆಯುತ್ತವೆ. ಬ್ಯಾಟರಿ ಬದಲಾಯಿಸಿದರೆ ಫೋಕಸ್ಸನ್ನೂ ಮತ್ತೆ ಹಿಡಿಯಬೇಕು. ಅವುಗಳ ಪರದೆಯಲ್ಲಿ ಮೂಡುವ ದೂರದ ಅಂಕಿಯನ್ನು ನೋಡಿ ಫೋಕಸ್ ಮಾಡುವುದಂತೂ ಕೂಡದು.

ಎಷ್ಟು ಹೊತ್ತಿಗೊಮ್ಮೆ ಮತ್ತೆ ನೋಡಬೇಕು? ಗಡಿಯಾರಕ್ಕಿಂತ ತಾಪಮಾಪಕವನ್ನು ಅನುಸರಿಸುವುದು ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಸಣ್ಣ ಡಿಜಿಟಲ್ ತಾಪಮಾಪಕವನ್ನು ಸ್ಟ್ಯಾಂಡಿಗೆ ತೂಗಹಾಕಿ, ಟೆಲಿಫೋಟೊ ಆದರೆ ಎರಡು ಡಿಗ್ರಿ ಬದಲಾದಾಗ, ಅಗಲ ಕೋನವಾದರೆ ನಾಲ್ಕೈದು ಡಿಗ್ರಿ ಬದಲಾದಾಗ ಮತ್ತೆ ನೋಡುವುದು ನನ್ನ ಪದ್ಧತಿ. ತೀರದಲ್ಲಿ ಕಡಲು ಗಾಳಿಯ ಉಷ್ಣತೆಯನ್ನು ಹಿಡಿದಿಡುವುದರಿಂದ ರಾತ್ರಿಗೆ ಒಂದೆರಡು ಸಲ ಸಾಕಾಗುತ್ತದೆ. ರಾಣಿಪುರದ ಬದಿಯ ಗುಡ್ಡಗಳಲ್ಲಿ ಸೂರ್ಯ ಮುಳುಗಿದ ಮೊದಲ ಎರಡು ಗಂಟೆ ಹೆಚ್ಚು ಎಚ್ಚರ ಬೇಕು.

ಹಗಲಿನ ಮೋಸ

ಹಗಲಿನಲ್ಲಿ ದೂರದ ದೃಶ್ಯ ಮಸುಕಾದಾಗ ಲೆನ್ಸನ್ನು ದೂರುವ ಮೊದಲು ಗಾಳಿಯನ್ನು ನೋಡಬೇಕು. ಕಳೆದ ಬೇಸಿಗೆಯಲ್ಲಿ ನನ್ನ ಭಾವ ಕಾಸರಗೋಡಿನ ಅನಂತಪುರದ ಪದವಿನಿಂದ ಮಧ್ಯಾಹ್ನದ ಹೊತ್ತು ತೆಗೆದ ಚಿತ್ರಗಳನ್ನು ತೋರಿಸಿ, ಲೆನ್ಸನ್ನು ರಿಪೇರಿಗೆ ಕಳುಹಿಸುವುದೆಂದು ನಿಶ್ಚಯಿಸಿಬಿಟ್ಟಿದ್ದರು. ಅನಂತಪುರದಲ್ಲಿಯೇ ಅನಂತ ಸಿಗಲಿಲ್ಲವೆಂದು ಮನೆಯವರು ನಕ್ಕದ್ದು ಬೇರೆ. ಕಾದ ಮುರಕಲ್ಲಿನ ನೆಲದಿಂದ ಏಳುವ ಬಿಸಿಗಾಳಿಯ ವಕ್ರೀಭವನಾಂಕ ಸುತ್ತಲಿನ ಗಾಳಿಯದಕ್ಕಿಂತ ಬೇರೆಯಾದ್ದರಿಂದ ಕಿರಣಗಳು ದಾರಿಯಲ್ಲಿಯೇ ಕದಡಿಹೋಗುತ್ತವೆ; ಅದಕ್ಕೆ ಯಾವ ಲೆನ್ಸಿನಲ್ಲಿಯೂ ಮದ್ದಿಲ್ಲ. ಇದನ್ನು ಬೇರ್ಪಡಿಸುವ ಕ್ರಮ ಹೀಗೆ: ಸ್ಟ್ಯಾಂಡ್ ಅಲುಗಿಸದೆ, ಫೋಕಸ್ ಮುಟ್ಟದೆ, ಹತ್ತು ಚಿತ್ರಗಳನ್ನು ಒಂದರ ಹಿಂದೆ ಒಂದು ತೆಗೆಯಬೇಕು. ಮಸುಕು ಎಲ್ಲದರಲ್ಲಿಯೂ ಒಂದೇ ರೀತಿ ಇದ್ದರೆ ಫೋಕಸ್ ತಪ್ಪಿದೆ. ಒಂದರಲ್ಲಿ ತೆಂಗಿನ ಮರ ನೇರವಾಗಿ, ಇನ್ನೊಂದರಲ್ಲಿ ಸೊಟ್ಟಗೆ, ಮತ್ತೊಂದರಲ್ಲಿ ಅರ್ಧ ಸ್ಪಷ್ಟವಾಗಿ ಬಂದಿದ್ದರೆ ಅದು ಗಾಳಿಯ ಆಟ. ಬೆಳಗ್ಗಿನ ಹೊತ್ತಿಗೆ ಬರಬೇಕು, ಇಲ್ಲವೇ ಹತ್ತಿರ ಹೋಗಬೇಕು. ಭಾವನ ಲೆನ್ಸು ರಿಪೇರಿಗೆ ಹೋಗಲಿಲ್ಲ.

ಹಗಲಿನಲ್ಲಿ ಚಂದ್ರ, ಹಡಗು, ದೂರದ ಹಕ್ಕಿ ಇವುಗಳಿಗೆ ಆಟೋಫೋಕಸ್ ಬಳಸುವುದರಲ್ಲಿ ಅವಮಾನವೇನೂ ಇಲ್ಲ. ಅದು ಲೆನ್ಸು ಆ ಕ್ಷಣದಲ್ಲಿರುವ ಸ್ಥಿತಿಯಲ್ಲಿಯೇ ಫೋಕಸ್ ಹುಡುಕುವುದರಿಂದ ಉಷ್ಣತೆಯ ತಪ್ಪು ತನ್ನಷ್ಟಕ್ಕೆ ತೀರಿಹೋಗುತ್ತದೆ. ತಪ್ಪು ಬರುವುದು ಒಮ್ಮೆ ಹಿಡಿದು, ಬೀಗ ಹಾಕಿ, ಮರೆತುಬಿಟ್ಟಾಗ.

ನೆರಳು ಮತ್ತು ಗುರುತು

ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದ ಕೆಲಸಕ್ಕೆ ಕರಿಯ ಲೆನ್ಸಿಗೆ ಬಿಳಿ ಹೊದಿಕೆ ಬೇಕು. ಒಗೆದ ಬಿಳಿ ಬೈರಾಸು ಸಾಕು, ಆದರೆ ಗಾಳಿಗೆ ಪಟಪಟನೆ ಬಡಿದು ಲೆನ್ಸನ್ನು ನಡುಗಿಸುತ್ತದೆ. ನಾನು ಈಗ ಅಡಕೆ ಹಾಳೆಯನ್ನು ಬಳಸುತ್ತಿದ್ದೇನೆ. ನೆನೆಸಿದ ಹಾಳೆಯನ್ನು ಲೆನ್ಸಿಗಿಂತ ಒಂದು ಬೆರಳಿನಷ್ಟು ಅಗಲವಾದ ಅರ್ಧ ಕೊಳವೆಯಂತೆ ಬಗ್ಗಿಸಿ ಒಣಗಿಸಿದರೆ, ಅದು ಹಗುರವಾದ, ಗಟ್ಟಿಯಾದ ಮಾಡಾಗುತ್ತದೆ. ಲೆನ್ಸಿಗೆ ತಾಗದೆ ಮೇಲೆ ನಿಲ್ಲುವುದರಿಂದ ನಡುವೆ ಗಾಳಿ ಓಡಾಡುತ್ತದೆ. ತೋಟದಲ್ಲಿ ದುಡಿಯುವವರ ತಲೆಯನ್ನು ತಲೆಮಾರುಗಳಿಂದ ಕಾಯ್ದ ಹಾಳೆ ಟೊಪ್ಪಿಯ ಗುಣವೇ ಇಲ್ಲಿ ಲೆನ್ಸಿಗೂ ಸಲ್ಲುತ್ತದೆ.

ಕೊನೆಯದಾಗಿ, ನಿಮ್ಮ ಲೆನ್ಸಿನ ಸ್ವಭಾವವನ್ನು ನೀವೇ ಬರೆದಿಟ್ಟುಕೊಳ್ಳಬೇಕು. ಇದು ಮೋಟಾರಿಲ್ಲದೆ ಉಂಗುರವೇ ನೇರವಾಗಿ ಮಸೂರವನ್ನು ಸರಿಸುವ ಲೆನ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಉಂಗುರದ ಮೇಲೊಂದು, ಅದರ ಪಕ್ಕದ ಅಲುಗದ ಭಾಗದ ಮೇಲೊಂದು ಕಾಗದದ ಟೇಪಿನ ತುಂಡು ಅಂಟಿಸಿ, ನಕ್ಷತ್ರದ ಮೇಲೆ ಫೋಕಸ್ ಸಿಕ್ಕಿದಾಗಲೆಲ್ಲ ಮೊನಚಾದ ಪೆನ್ಸಿಲಿನಿಂದ ಗೆರೆ ಎಳೆದು, ಆಗಿನ ಉಷ್ಣತೆಯನ್ನು ಅದರ ಪಕ್ಕದಲ್ಲಿ ನಮೂದಿಸಬೇಕು. ಡಿಸೆಂಬರಿನ ಬೆಳಗಿನ ಜಾವ ಒಂದು, ಏಪ್ರಿಲಿನ ಸಂಜೆ ಒಂದು, ಮಳೆಗಾಲದ ನಡುವೆ ಬಾನು ತೆರೆದ ರಾತ್ರಿ ಒಂದು ಎಂದು ನಾಲ್ಕಾರು ಗೆರೆಗಳು ಸೇರಿದರೆ, ಬಿಸಿಯಾದಾಗ ನಿಮ್ಮ ಲೆನ್ಸು ಯಾವ ಕಡೆಗೆ, ಎಷ್ಟು ಸರಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆ ಗೆರೆಗಳು ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂದು ತೋರಿಸುತ್ತವೆ, ಹುಡುಕಾಟವನ್ನು ತಪ್ಪಿಸುವುದಿಲ್ಲ. ನನ್ನ 400 ಮಿ.ಮೀ. ಲೆನ್ಸಿನಲ್ಲಿ 22 ಡಿಗ್ರಿಯ ಗೆರೆಗೂ 34ರ ಗೆರೆಗೂ ನಡುವೆ ಒಂದು ಅಕ್ಕಿಕಾಳಿನ ದಪ್ಪದಷ್ಟು ಅಂತರವಿದೆ.

2031ರ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ಕೇರಳದ ದಕ್ಷಿಣ ಭಾಗ ಮತ್ತು ತಮಿಳುನಾಡಿನ ಮೇಲೆ ಹಾದುಹೋಗಲಿದೆ. ಡಿಸೆಂಬರಿನ ಬೆಳಗಿನ ಬಿಸಿಲಿಗಿಂತ ಮೇ ತಿಂಗಳ ಬಿಸಿಲು ಲೆನ್ಸನ್ನು ಹೆಚ್ಚು ಕಾಯಿಸುತ್ತದೆ. ಸೌರ ಫಿಲ್ಟರ್ ತೆಗೆಯದೆಯೇ, ಕಂಕಣಕ್ಕೆ ಹತ್ತು ನಿಮಿಷ ಇರುವಾಗ ಒಮ್ಮೆ, ಮೂರು ನಿಮಿಷ ಇರುವಾಗ ಇನ್ನೊಮ್ಮೆ, ಚಂದ್ರನ ಅಂಚಿನ ಮೇಲೆ ಫೋಕಸ್ ಮತ್ತೆ ಹಿಡಿಯುವುದೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗಲೇ ಬರೆದಿಟ್ಟಿದ್ದೇನೆ. ಟೇಪು ಸುತ್ತುವ ವಿಚಾರ ಅದರಲ್ಲಿ ಇಲ್ಲ.